ಜುಲೈ 1ರಂದು ನೆನೆಯುವ ಹರ್ಮನ್ ಮೊಗ್ಲಿಂಗ್: ಮೊದಲ ಕನ್ನಡ ಪತ್ರಿಕೆಯಾಚೆಗಿನ ಬದುಕು, ಸತ್ಯವೇದ ಓದಿ ತೆಗೆದುಕೊಂಡ ಕಠಿಣ ನಿರ್ಧಾರಗಳು

ಕಾಚಿಗೂಡ (ಹೈದರಾಬಾದ್): ಪ್ರತಿ ವರ್ಷ ಜುಲೈ 1 ಬಂತೆಂದರೆ ಕನ್ನಡದ ಸುದ್ದಿಮನೆಗಳಲ್ಲಿ ಒಂದು ಹೆಸರು ತಪ್ಪದೇ ಕೇಳಿಬರುತ್ತದೆ. ಅದು ಹರ್ಮನ್ ಮೊಗ್ಲಿಂಗ್. 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಬಂದ ನೆನಪಿಗಾಗಿ ಈ ದಿನವನ್ನು ಪತ್ರಿಕಾ ದಿನವಾಗಿ ಆಚರಿಸಲಾಗುತ್ತದೆ. ಮೊಗ್ಲಿಂಗ್ ಅವರ ಭಾವಚಿತ್ರಕ್ಕೆ ಹಾರ ಹಾಕಿ, ಕನ್ನಡ ಪತ್ರಿಕೋದ್ಯಮದ ಪಿತಾಮಹ ಎಂದು ಸ್ಮರಿಸಿ ಸಭೆ ಮುಗಿಸುವುದು ವಾಡಿಕೆ.

ಆದರೆ ಆ ಪತ್ರಿಕೆ ಮಂಗಳೂರಿನಲ್ಲಿ ನಡೆದದ್ದು ಒಂದು ವರ್ಷಕ್ಕೂ ಕಡಿಮೆ ಅವಧಿ. ಮೊಗ್ಲಿಂಗ್ ಭಾರತದಲ್ಲಿ ಕಳೆದದ್ದು ಸುಮಾರು 24 ವರ್ಷ. ಉಳಿದ ವರ್ಷಗಳಲ್ಲಿ ಅವರು ಮಾಡಿದ್ದೇನು? ಕ್ರೈಸ್ತ ಧರ್ಮಗ್ರಂಥವನ್ನು ಕೈಯಲ್ಲಿ ಹಿಡಿದು ಬಂದ ಈ ಪಾದ್ರಿ, ಬದುಕಿನ ಕವಲುಗಳಲ್ಲಿ ಯಾವುದು ಸರಿ, ಯಾವುದು ತಪ್ಪು ಎಂದು ಹೇಗೆ ತೀರ್ಮಾನಿಸಿದರು? ಆ ತೀರ್ಮಾನಗಳ ಬೆಲೆ ತೆತ್ತವರು ಯಾರು? ಪಿತಾಮಹನ ಪಟ್ಟದ ಹಿಂದೆ ಮರೆಯಾಗಿರುವ ಈ ಕಥೆ ಇಂದಿನ ಓದುಗರಿಗೂ ಮುಖ್ಯ.

ಹೈದರಾಬಾದ್ ಕನ್ನಡಿಗರ ಪಾಲಿಗೆ ಕಾಚಿಗೂಡ ಎಂದರೆ ಊರಿನ ರೈಲು ಹಿಡಿಯುವ ಜಾಗ. ಕರ್ನಾಟಕ ಸಾಹಿತ್ಯ ಮಂದಿರ ಇರುವುದೂ ಇಲ್ಲೇ. ಇಲ್ಲಿಂದ ರೈಲು ಹತ್ತಿದರೆ ಮಂಗಳೂರು ತಲುಪಲು ಹೆಚ್ಚುಕಡಿಮೆ ಒಂದು ದಿನ ಸಾಕು. ಸೂಯೆಜ್ ಕಾಲುವೆ ಇನ್ನೂ ಇರದ ಕಾಲದಲ್ಲಿ, ತಿಂಗಳುಗಟ್ಟಲೆ ಹಡಗಿನಲ್ಲಿ ಪಯಣಿಸಿ ಅದೇ ಮಂಗಳೂರಿಗೆ ಬಂದಿಳಿದವರು ಮೊಗ್ಲಿಂಗ್.

ಟ್ಯೂಬಿಂಗೆನ್ನಿನ ವಿದ್ಯಾರ್ಥಿ

ಮೊಗ್ಲಿಂಗ್ ಹುಟ್ಟಿದ್ದು 1811ರ ಮೇ 29ರಂದು, ಜರ್ಮನಿಯ ವುರ್ಟೆಂಬರ್ಗ್ ಪ್ರಾಂತ್ಯದ ಬ್ರಾಕೆನ್‌ಹೈಮ್ ಎಂಬ ಊರಿನಲ್ಲಿ. ದೇವಶಾಸ್ತ್ರ ಓದಿದ್ದು ಹೆಸರಾಂತ ಟ್ಯೂಬಿಂಗೆನ್ ವಿಶ್ವವಿದ್ಯಾಲಯದಲ್ಲಿ.

ಅವರ ವಿದ್ಯಾರ್ಥಿ ದಿನಗಳ ಟ್ಯೂಬಿಂಗೆನ್ ಸಾಮಾನ್ಯ ಸ್ಥಳವಾಗಿರಲಿಲ್ಲ. ಧರ್ಮಗ್ರಂಥವನ್ನು ಇತರ ಯಾವುದೇ ಪ್ರಾಚೀನ ಗ್ರಂಥದಂತೆ ವಿಮರ್ಶೆಗೆ ಒಳಪಡಿಸಬೇಕು ಎಂಬ ವಾದ ಅಲ್ಲಿ ಬಲವಾಗಿ ಬೆಳೆಯುತ್ತಿತ್ತು. ಅಲ್ಲಿ ಬೋಧಿಸುತ್ತಿದ್ದ ಡೇವಿಡ್ ಫ್ರೆಡ್ರಿಕ್ ಸ್ಟ್ರೌಸ್ 1835ರಲ್ಲಿ ಯೇಸುವಿನ ಜೀವನದ ಕುರಿತು ಪ್ರಕಟಿಸಿದ ಪುಸ್ತಕ ಇಡೀ ಯುರೋಪನ್ನೇ ಅಲುಗಾಡಿಸಿತು. ಇನ್ನೊಂದು ಕಡೆ, ವುರ್ಟೆಂಬರ್ಗ್‌ನ ಹಳ್ಳಿ ಹಳ್ಳಿಗಳಲ್ಲಿ ಪಯಟಿಸಂ ಎಂಬ ಭಕ್ತಿ ಚಳವಳಿ ಬೇರೂರಿತ್ತು. ಮನೆಮನೆಯಲ್ಲಿ ಸತ್ಯವೇದ ಓದುವುದು, ದಿನಕ್ಕೊಂದು ವಚನವನ್ನು ಧ್ಯಾನಿಸುವುದು, ಓದಿದ್ದನ್ನು ಬದುಕಿನಲ್ಲಿ ತೋರಿಸುವುದು ಈ ಚಳವಳಿಯ ಹಾದಿ. ಕಠಿಣ ನಿರ್ಧಾರದ ಹೊತ್ತಿನಲ್ಲಿ ಗ್ರಂಥವನ್ನು ಸುಮ್ಮನೆ ತೆರೆದು, ಕಣ್ಣಿಗೆ ಬಿದ್ದ ವಚನವನ್ನೇ ದೇವರ ಅಪ್ಪಣೆ ಎಂದುಕೊಳ್ಳುವ ರೂಢಿಯೂ ಈ ಭಕ್ತರಲ್ಲಿ ಇತ್ತು.

ಪ್ರಶ್ನಿಸುವ ವಿಶ್ವವಿದ್ಯಾಲಯ ಮತ್ತು ನಂಬುವ ಹಳ್ಳಿ, ಇವೆರಡರ ನಡುವೆ ಬೆಳೆದ ಮೊಗ್ಲಿಂಗ್ ಕೊನೆಗೆ ಆರಿಸಿಕೊಂಡದ್ದು ಮಿಷನರಿ ಬದುಕನ್ನು. ಊರಿನಲ್ಲೇ ಇದ್ದು ಚರ್ಚಿನ ಪಾದ್ರಿಯಾಗಿ ನೆಮ್ಮದಿಯ ಜೀವನ ನಡೆಸುವ ಅವಕಾಶ ಅವರಿಗಿತ್ತು. ಅದನ್ನು ಬಿಟ್ಟು ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಸೇರಿದರು.

ಮಂಗಳೂರಿಗೆ ಬಂದ ಹೊತ್ತು

1815ರಲ್ಲಿ ಸ್ಥಾಪನೆಯಾದ ಬಾಸೆಲ್ ಮಿಷನ್‌ಗೆ ಭಾರತದ ಬಾಗಿಲು ತೆರೆದದ್ದು 1833ರ ಚಾರ್ಟರ್ ಕಾಯ್ದೆಯ ನಂತರ. 1834ರ ಅಕ್ಟೋಬರ್‌ನಲ್ಲಿ ಸ್ಯಾಮ್ಯುಯೆಲ್ ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದರು. ಎರಡು ವರ್ಷಗಳ ನಂತರ, 1836ರ ಕೊನೆಯಲ್ಲಿ ಮೊಗ್ಲಿಂಗ್ ಬಂದರು. ಆಗ ಅವರಿಗೆ 25 ವರ್ಷ.

ಬಂದು ಕೆಲವೇ ತಿಂಗಳು ಕಳೆದಿದ್ದವು. 1837ರ ಏಪ್ರಿಲ್‌ನಲ್ಲಿ ಕೊಡಗು ಮತ್ತು ಸುಳ್ಯದ ಕಡೆಯಿಂದ ಹೊರಟ ರೈತ ಬಂಡಾಯಗಾರರು ಮಂಗಳೂರನ್ನೇ ವಶಪಡಿಸಿಕೊಂಡು ಬಾವುಟಗುಡ್ಡದಲ್ಲಿ ತಮ್ಮ ಬಾವುಟ ಹಾರಿಸಿದರು. ಕರಾವಳಿಯ ಜನ ಇಂದಿಗೂ ಕಲ್ಯಾಣಪ್ಪನ ಕಾಟಕಾಯಿ ಎಂದು ನೆನೆಯುವ ಈ ದಂಗೆಯನ್ನು ಕಂಪನಿ ಸರ್ಕಾರ ಎರಡೇ ವಾರದೊಳಗೆ ಅಡಗಿಸಿ, ಮುಂದಾಳುಗಳನ್ನು ಗಲ್ಲಿಗೇರಿಸಿತು. ಮಿಷನರಿಗಳು ಕಂಪನಿಯ ನೌಕರರಲ್ಲ ನಿಜ. ಆದರೆ ಕಂಪನಿಯ ಆಳ್ವಿಕೆಯ ನೆರಳಿನಲ್ಲೇ ಅವರು ಓಡಾಡುತ್ತಿದ್ದರು. ಮೊಗ್ಲಿಂಗ್ ಅವರ ನೈತಿಕ ನಿರ್ಧಾರಗಳನ್ನು ತೂಗುವಾಗ ಈ ಹಿನ್ನೆಲೆಯನ್ನು ಮರೆಯುವಂತಿಲ್ಲ.

ಪತ್ರಿಕೆ ಮತ್ತು ದಾಸರ ಪದ

ಮಂಗಳೂರಿನಲ್ಲಿ ಮಿಷನ್ನಿನ ಕಲ್ಲಚ್ಚಿನ ಮುದ್ರಣಾಲಯ 1841ರಲ್ಲಿ ಶುರುವಾಯಿತು. ಎರಡು ವರ್ಷದ ನಂತರ ಅಲ್ಲಿಂದಲೇ ಮಂಗಳೂರ ಸಮಾಚಾರ ಹೊರಬಂತು. ಹದಿನೈದು ದಿನಕ್ಕೊಮ್ಮೆ, ನಾಲ್ಕು ಪುಟ, ಬೆಲೆ ಒಂದು ದುಡ್ಡು. ಊರಿನ ಸುದ್ದಿ, ಸರ್ಕಾರದ ಆದೇಶ, ಬೇರೆ ರಾಜ್ಯಗಳ ವರ್ತಮಾನ, ನೀತಿಯ ಮಾತು, ಕಥೆ, ಜೊತೆಗೆ ಪುರಂದರದಾಸರ ಪದಗಳಿಗೂ ಅದರಲ್ಲಿ ಜಾಗವಿತ್ತು. 1844ರಲ್ಲಿ ಪತ್ರಿಕೆ ಬಳ್ಳಾರಿಗೆ ಸ್ಥಳಾಂತರಗೊಂಡು 'ಕನ್ನಡ ಸಮಾಚಾರ' ಎಂಬ ಹೆಸರು ಪಡೆಯಿತು.

ಸುವಾರ್ತೆ ಸಾರಲು ಬಂದವರು ದಾಸರ ಪದ ಅಚ್ಚು ಹಾಕಿಸಿದ್ದು ಇಲ್ಲಿಗೇ ನಿಲ್ಲಲಿಲ್ಲ. 1848ರಿಂದ ಮೊಗ್ಲಿಂಗ್ 'ಬಿಬ್ಲಿಯೊಥಿಕಾ ಕರ್ನಾಟಿಕಾ' ಎಂಬ ಮಾಲೆಯಲ್ಲಿ ಜೈಮಿನಿ ಭಾರತ, ಬಸವ ಪುರಾಣ, ಚನ್ನಬಸವ ಪುರಾಣ, ತೊರವೆ ರಾಮಾಯಣ, ಕುಮಾರವ್ಯಾಸ ಭಾರತದ ಭಾಗಗಳು ಹಾಗೂ ದಾಸರ ಪದಗಳ ಸಂಗ್ರಹವನ್ನು ಮುದ್ರಿಸಿದರು. ತಾಳೆಗರಿಯಲ್ಲಿದ್ದ ಕನ್ನಡದ ಹಲವು ಕಾವ್ಯಗಳು ಅಚ್ಚಿನ ಮುಖ ಕಂಡದ್ದು ಹೀಗೆ. ಮತಪ್ರಚಾರಕ್ಕೆಂದು ಯುರೋಪಿನ ಭಕ್ತರು ಕೊಟ್ಟ ಹಣವನ್ನು ಈ ಕೆಲಸಕ್ಕೆ ಬಳಸುವುದು ಸುಲಭವಿರಲಿಲ್ಲ. ನೀಲಗಿರಿಯ ಕೇತಿಯಲ್ಲಿ ನೆಲೆಸಿದ್ದ ನಿವೃತ್ತ ನ್ಯಾಯಾಧೀಶ ಕ್ಯಾಸಮೇಜರ್ ವೆಚ್ಚ ಭರಿಸಲು ಮುಂದಾದರು.

ಒಂದು ಜನರ ನಡುವೆ ಕೆಲಸ ಮಾಡುವವನು ಮೊದಲು ಅವರ ಮಾತು, ಅವರ ಪುರಾಣ, ಅವರ ಹಾಡು ಅರಿಯಬೇಕು ಎಂಬುದು ಮೊಗ್ಲಿಂಗ್ ಅವರ ನಿಲುವಾಗಿತ್ತು. ಇದರಲ್ಲಿ ಪ್ರಚಾರದ ಲೆಕ್ಕಾಚಾರವೂ ಇತ್ತು, ಪ್ರೀತಿಯೂ ಇತ್ತು. ಎರಡನ್ನೂ ಒಪ್ಪಿಕೊಂಡರಷ್ಟೇ ಅವರ ಚಿತ್ರ ಪೂರ್ತಿಯಾಗುತ್ತದೆ. ಈ ಸೇವೆಯನ್ನು ಗುರುತಿಸಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯ 1858ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ನೀಡಿತು.

ಒಬ್ಬ ವಿದ್ಯಾರ್ಥಿಯ ದೀಕ್ಷೆ, ಒಂದು ಕುಟುಂಬದ ನೋವು

ಮೊಗ್ಲಿಂಗ್ ಎದುರಿಸಿದ ಮೊದಲ ದೊಡ್ಡ ನೈತಿಕ ಪರೀಕ್ಷೆ 1844ರ ಜನವರಿ 6ರಂದು ಬಂತು. ಅಂದು ಮಂಗಳೂರಿನ ಸಾರಸ್ವತ ಬ್ರಾಹ್ಮಣ ಯುವಕ ಆನಂದರಾವ್ ಕೌಂಡಿನ್ಯ ಹಾಗೂ ಇಬ್ಬರು ಗೆಳೆಯರು ಕ್ರೈಸ್ತ ದೀಕ್ಷೆ ಪಡೆದರು. ಊರಿನಲ್ಲಿ ಕೋಲಾಹಲ ಎದ್ದಿತು. ಹೆತ್ತವರು, ಬಂಧುಗಳು ಮಗನನ್ನು ಕಳೆದುಕೊಂಡಂತೆ ದುಃಖಿಸಿದರು. ಕೌಂಡಿನ್ಯರಿಗೆ ಆಗಲೇ ಮದುವೆಯಾಗಿತ್ತು. ಪತ್ನಿ ಅವರ ಜೊತೆ ಬರಲಿಲ್ಲ.

ತಂದೆ ತಾಯಿಯನ್ನು ಗೌರವಿಸಬೇಕು ಎಂಬುದು ಸತ್ಯವೇದದ ಹತ್ತು ಆಜ್ಞೆಗಳಲ್ಲಿ ಒಂದು. ತನ್ನನ್ನು ಹಿಂಬಾಲಿಸುವವನು ತಂದೆ ತಾಯಿಗಿಂತಲೂ ತನ್ನನ್ನು ಹೆಚ್ಚಾಗಿ ಪ್ರೀತಿಸಬೇಕು ಎಂಬ ಯೇಸುವಿನ ಬೋಧನೆಯೂ ಅದೇ ಗ್ರಂಥದಲ್ಲಿದೆ. ಎರಡೂ ವಚನಗಳು ಎದುರುಬದುರು ನಿಂತಾಗ ಯಾವುದನ್ನು ಹಿಡಿಯಬೇಕು? ಕೌಂಡಿನ್ಯ ಮತ್ತು ಮೊಗ್ಲಿಂಗ್ ಎರಡನೆಯದನ್ನು ಹಿಡಿದರು.

ಈ ನಿರ್ಧಾರದ ನಂತರ ಮೊಗ್ಲಿಂಗ್ ಕೈತೊಳೆದುಕೊಳ್ಳಲಿಲ್ಲ ಎಂಬುದು ಗಮನಾರ್ಹ. ಕೌಂಡಿನ್ಯರನ್ನು ತಾವೇ ಯುರೋಪಿಗೆ ಕರೆದೊಯ್ದು, ಬಾಸೆಲ್‌ನಲ್ಲಿ ಜರ್ಮನ್ ಮತ್ತು ಸ್ವಿಸ್ ಯುವಕರ ಜೊತೆ ಸರಿಸಮನಾಗಿ ಓದುವ ವ್ಯವಸ್ಥೆ ಮಾಡಿದರು. ಕೌಂಡಿನ್ಯ ತಮ್ಮ ಹೆಸರಿನ ಮುಂದೆ ಗುರುವಿನ ಹೆಸರು ಸೇರಿಸಿಕೊಂಡು ಹರ್ಮನ್ ಆನಂದರಾವ್ ಕೌಂಡಿನ್ಯ ಆದರು. 1851ರಲ್ಲಿ ಪಾದ್ರಿಯಾಗಿ ದೀಕ್ಷೆ ಪಡೆದು ಊರಿಗೆ ಮರಳಿದರು. ಭಾರತೀಯರು ಬಿಳಿಯ ಮಿಷನರಿಗಳ ಸಹಾಯಕರಾಗಿ ಮಾತ್ರ ಇರಬೇಕು ಎಂದು ಬಹುತೇಕರು ಭಾವಿಸಿದ್ದ ಕಾಲವದು. ಅಂಥ ಹೊತ್ತಿನಲ್ಲಿ ಇದು ಸಣ್ಣ ಹೆಜ್ಜೆಯಲ್ಲ.

ಆದರೆ ಊರಲ್ಲಿ ಉಳಿದ ಆ ಪತ್ನಿಯ ಕಥೆ? ಗಂಡ ದಾರಿ ಬದಲಿಸಿದಾಗ ಅಂದಿನ ಸಮಾಜದಲ್ಲಿ ಒಬ್ಬ ಹುಡುಗಿಯ ಬದುಕು ಏನಾಗುತ್ತಿತ್ತು ಎಂದು ಊಹಿಸುವುದು ಕಷ್ಟವಲ್ಲ. ವರ್ಷಗಳ ನಂತರ, 1860ರಲ್ಲಿ, ಕೌಂಡಿನ್ಯ ಜರ್ಮನಿಯ ಮರಿ ರೈನ್‌ಹಾರ್ಟ್ ಅವರನ್ನು ಮದುವೆಯಾದರು. ಮಿಷನರಿ ಚರಿತ್ರೆಗಳು ಈ ದಾಂಪತ್ಯದ ಬಗ್ಗೆ ಆಸಕ್ತಿಯಿಂದ ಬರೆಯುತ್ತವೆ. ಮಂಗಳೂರಿನ ಆ ಹುಡುಗಿಗೆ ಅಲ್ಲಿ ಸಿಗುವುದು ಒಂದೆರಡು ಸಾಲು ಮಾತ್ರ.

ಬಲ್ಮಠದ ಪಾಠಶಾಲೆ

1847ರಲ್ಲಿ ಮಂಗಳೂರಿನ ಬಲ್ಮಠದಲ್ಲಿ ಬೋಧಕರಿಗೆ ತರಬೇತಿ ನೀಡುವ ಪಾಠಶಾಲೆ ಶುರುವಾಯಿತು. ಅದರ ಹೊಣೆ ಮೊಗ್ಲಿಂಗ್ ಹೆಗಲಿಗೆ ಬಿತ್ತು. ಅದೇ ಗುಡ್ಡದ ಮೇಲೆ ಇಂದು ಕರ್ನಾಟಕ ಥಿಯಾಲಾಜಿಕಲ್ ಕಾಲೇಜು ಇದೆ. ಸೆರಾಂಪುರ ವಿಶ್ವವಿದ್ಯಾಲಯಕ್ಕೆ ಸೇರಿದ ಈ ಕಾಲೇಜಿನ ವಿದ್ಯಾರ್ಥಿಗಳಿಗೆ ಕ್ರೈಸ್ತ ನೀತಿಶಾಸ್ತ್ರವೂ ಒಂದು ಪಾಠ.

ಕ್ರೈಸ್ತ ನೀತಿಶಾಸ್ತ್ರ ಎಂದರೆ ವಚನಗಳ ಪಟ್ಟಿಯನ್ನು ಬಾಯಿಪಾಠ ಮಾಡುವುದಲ್ಲ. ಸತ್ಯವೇದ ಕೊಟ್ಟ ಆಜ್ಞೆ ಏನು, ಈ ನಿರ್ಧಾರದಿಂದ ನೆರೆಯವನಿಗೆ ಒಳಿತಾಗುತ್ತದೆಯೇ ಕೆಡುಕಾಗುತ್ತದೆಯೇ, ಇದನ್ನು ಮಾಡಿದರೆ ನಾನು ಎಂಥ ಮನುಷ್ಯನಾಗುತ್ತೇನೆ ಎಂಬ ಮೂರು ಪ್ರಶ್ನೆಗಳನ್ನು ಒಟ್ಟಿಗೆ ಇಟ್ಟುಕೊಂಡು ಯೋಚಿಸುವ ಶಿಸ್ತು ಅದು. ಒಂದನ್ನು ಬಿಟ್ಟರೂ ತಕ್ಕಡಿ ವಾಲುತ್ತದೆ. ಆಜ್ಞೆ ಮಾತ್ರ ನೋಡಿದರೆ ಮನುಷ್ಯ ಕಠೋರನಾಗುತ್ತಾನೆ. ಫಲಿತಾಂಶ ಮಾತ್ರ ನೋಡಿದರೆ ಎಂಥ ದಾರಿಯೂ ಸರಿ ಎನಿಸುತ್ತದೆ. ತನ್ನ ಪರಿಶುದ್ಧತೆ ಮಾತ್ರ ನೋಡಿದರೆ ಪಕ್ಕದವನೇ ಕಾಣದಂತಾಗುತ್ತಾನೆ.

ಕರಾವಳಿಯ ಮಿಷನ್‌ಗೆ ಇಂಥ ಪ್ರಶ್ನೆಗಳು ದಿನನಿತ್ಯ ಎದುರಾಗುತ್ತಿದ್ದವು. ಕ್ರೈಸ್ತರಾದವರಲ್ಲಿ ಬಿಲ್ಲವರು ದೊಡ್ಡ ಸಂಖ್ಯೆಯಲ್ಲಿದ್ದರು. ಶೇಂದಿ ಇಳಿಸುವುದು ಅವರಲ್ಲಿ ಅನೇಕರ ಕಸುಬು. ಕುಡಿತಕ್ಕೆ ದಾರಿಯಾಗುವ ಕಸುಬು ಬೇಡ ಎಂದಿತು ಮಿಷನ್. ಹಾಗಾದರೆ ಹೊಟ್ಟೆಪಾಡಿಗೆ ಏನು? ಬೇಡ ಎಂದವರೇ ಬದಲಿ ದಾರಿ ತೋರಿಸಬೇಕಲ್ಲವೇ? ನೇಯ್ಗೆ, ಪುಸ್ತಕದ ಬೈಂಡಿಂಗ್, ಮುದ್ರಣ, ಮುಂದೆ 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹುಟ್ಟಿದ್ದರ ಹಿಂದೆ ಈ ಪ್ರಶ್ನೆಯೂ ಇತ್ತು. ಇಂದಿಗೂ ಕರಾವಳಿಯ ಹಳೆ ಮನೆಗಳ ಮೇಲೆ ಕಾಣುವ ಮಂಗಳೂರು ಹಂಚಿನ ಬೆನ್ನಿಗೆ ಒಂದು ನೈತಿಕ ಚರ್ಚೆ ಅಂಟಿಕೊಂಡಿದೆ ಎನ್ನಬಹುದು.

ಜಾತಿಯ ವಿಷಯದಲ್ಲೂ ಮಿಷನ್‌ಗಳ ನಡುವೆ ಒಮ್ಮತ ಇರಲಿಲ್ಲ. ಚರ್ಚಿನೊಳಗೆ ಜಾತಿ ಭೇದ ಸಲ್ಲದು ಎಂದು 1850ರಲ್ಲಿ ಮದ್ರಾಸಿನ ಮಿಷನರಿಗಳ ಸಮ್ಮೇಳನ ನಿರ್ಣಯ ಕೈಗೊಂಡಿತು. ತಮಿಳು ನಾಡಿನಲ್ಲಿದ್ದ ಲೈಪ್ಜಿಗ್ ಮಿಷನ್ ಅಷ್ಟು ಬಿಗಿ ಬೇಡ ಎಂದು ಹಿಂದೆ ಸರಿಯಿತು. ಬಾಸೆಲ್ ಮಿಷನ್ ಬಿಗಿ ನಿಲುವಿನ ಕಡೆ ನಿಂತಿತು.

ಕೊಡಗಿನ ಕರೆ: ಆಜ್ಞೆಯೋ ಮನಸ್ಸಾಕ್ಷಿಯೋ?

1852ರ ಕೊನೆ. ಮೊಗ್ಲಿಂಗ್ ಆರೋಗ್ಯ ಕೆಟ್ಟಿತ್ತು. ಯುರೋಪಿಗೆ ಮರಳುವ ಸಿದ್ಧತೆ ನಡೆದಿತ್ತು. ಆ ಹೊತ್ತಿನಲ್ಲಿ ಕೊಡಗಿನ ಅಲಮಂಡ ಮನೆತನದ ಸೋಮಯ್ಯ ಎಂಬುವವರು ಅವರನ್ನು ಹುಡುಕಿಕೊಂಡು ಬಂದರು. ಮನೆ ಬಿಟ್ಟು, ಲಿಂಗಾಯತ ಸನ್ಯಾಸಿಯಾಗಿ ಸತ್ಯ ಅರಸುತ್ತಾ ಅಲೆದ ವ್ಯಕ್ತಿ ಅವರು. ತಮ್ಮೊಂದಿಗೆ ಕೊಡಗಿಗೆ ಬರಬೇಕು ಎಂಬುದು ಅವರ ಕೋರಿಕೆ.

ಬಾಸೆಲ್ ಮಿಷನ್ ಕಟ್ಟುನಿಟ್ಟಿನ ಸಂಸ್ಥೆ. ಎಲ್ಲಿ ಕೆಲಸ ಮಾಡಬೇಕು, ಯಾರನ್ನು ಮದುವೆಯಾಗಬೇಕು ಎಂಬುದಕ್ಕೂ ಬಾಸೆಲ್‌ನ ಸಮಿತಿಯ ಒಪ್ಪಿಗೆ ಬೇಕಿತ್ತು. 1850ರಲ್ಲಿ ಮುಖ್ಯಸ್ಥರಾಗಿ ಬಂದ ಜೋಸೆಫ್ ಯೋಸೆನ್‌ಹಾನ್ಸ್ ಶಿಸ್ತಿಗೆ ಹೆಸರಾದವರು. ಕೊಡಗಿನ ಕೆಲಸಕ್ಕೆ ಸಮಿತಿಯ ಅನುಮತಿ ಇರಲಿಲ್ಲ.

ಮೇಲಧಿಕಾರಕ್ಕೆ ಅಧೀನರಾಗಿರಿ ಎಂದು ಬೋಧಿಸುವ ಪೌಲನ ಪತ್ರ ಸತ್ಯವೇದದಲ್ಲಿದೆ. ಮನುಷ್ಯರಿಗಿಂತ ದೇವರಿಗೆ ವಿಧೇಯರಾಗಬೇಕು ಎಂದು ಪೇತ್ರನು ಅಧಿಕಾರಿಗಳ ಮುಂದೆ ನಿಂತು ಹೇಳಿದ ಪ್ರಸಂಗವೂ ಅದರಲ್ಲೇ ಇದೆ. ಮತ್ತೆ ಅದೇ ಇಕ್ಕಟ್ಟು. ಇಂಥ ಸಂದರ್ಭದಲ್ಲಿ ತನಗೆ ಬೇಕಾದ ವಚನವನ್ನು ಹೆಕ್ಕಿಕೊಳ್ಳುವುದು ಯಾರಿಗೂ ಸುಲಭ. ಹಾಗೆ ಮಾಡುತ್ತಿದ್ದೇನೆಯೇ ಎಂದು ಪರೀಕ್ಷಿಸಿಕೊಳ್ಳಲು ಇರುವ ಒಂದು ದಾರಿ, ಈ ನಿರ್ಧಾರದಿಂದ ನನಗೆ ಲಾಭವೋ ನಷ್ಟವೋ ಎಂದು ಕೇಳಿಕೊಳ್ಳುವುದು. ಮೊಗ್ಲಿಂಗ್ ಆರಿಸಿಕೊಂಡದ್ದರಲ್ಲಿ ಲಾಭವೇನೂ ಇರಲಿಲ್ಲ. ಮಿಷನ್ನಿನಿಂದ ಹೊರಬಂದರು. ಸಂಸ್ಥೆಯ ಆಸರೆ ಹೋಯಿತು, ಊರಿಗೆ ಮರಳುವ ಪಯಣ ನಿಂತಿತು. ಗೆಳೆಯರ ನೆರವನ್ನು ನಂಬಿ ಘಟ್ಟ ಹತ್ತಿದರು.

1853ರಲ್ಲಿ ಸೋಮಯ್ಯ ದೀಕ್ಷೆ ಪಡೆದು ಸ್ಟೀಫನಸ್ ಆದರು. ಅವರ ಊರಿನಲ್ಲೇ ಮೊಗ್ಲಿಂಗ್ ವಾಸ ಹೂಡಿದರು. ಸಮುದಾಯ ಸೋಮಯ್ಯ ಅವರನ್ನು ಹೊರಗಿಟ್ಟಿತು. ಮನೆತನದ ಆಸ್ತಿಯ ಹಕ್ಕು ವಿವಾದಕ್ಕೆ ತಿರುಗಿ ಬ್ರಿಟಿಷ್ ಅಧಿಕಾರಿಗಳ ಮುಂದೆ ಹೋಯಿತು. ಧರ್ಮ ಬದಲಿಸಿದ ಕಾರಣಕ್ಕೆ ಆಸ್ತಿಯ ಹಕ್ಕು ಕಳೆದುಹೋಗಬಾರದು ಎನ್ನುವ ಜಾತಿ ನಿರ್ಬಂಧ ನಿವಾರಣಾ ಕಾಯ್ದೆ 1850ರಲ್ಲಷ್ಟೇ ಬಂದಿತ್ತು. ಕೊಡವರ ದೃಷ್ಟಿಯಿಂದ ನೋಡಿದರೆ ಪ್ರಶ್ನೆ ಬೇರೆ. ಅವರಲ್ಲಿ ಭೂಮಿ ಒಬ್ಬನದ್ದಲ್ಲ, ಇಡೀ ಒಕ್ಕದ್ದು. ಆ ಭೂಮಿಗೆ ಹಿರಿಯರ ಪೂಜೆ, ಹಬ್ಬ, ಹೊಣೆ ಎಲ್ಲವೂ ಅಂಟಿಕೊಂಡಿತ್ತು. ಒಬ್ಬನ ಮನಸ್ಸಾಕ್ಷಿಯ ಸ್ವಾತಂತ್ರ್ಯ ಮತ್ತು ಒಂದು ಸಮುದಾಯದ ಕಟ್ಟುಪಾಡು, ಎರಡೂ ಹಗುರ ವಿಷಯಗಳಲ್ಲ. ಸೋಮಯ್ಯ ಅವರ ಹಿಂದೆ ಕೊಡವರು ಸಾಲುಸಾಲಾಗಿ ಬರಲಿಲ್ಲ. ಕೊಡಗಿನ ಅನುಭವಗಳನ್ನು ಮೊಗ್ಲಿಂಗ್ 1855ರಲ್ಲಿ 'ಕೂರ್ಗ್ ಮೆಮಾಯರ್ಸ್' ಎಂಬ ಇಂಗ್ಲಿಷ್ ಪುಸ್ತಕವಾಗಿ ಪ್ರಕಟಿಸಿದರು.

ಈ ನಡುವೆ ಅವರ ಖಾಸಗಿ ಬದುಕಿನಲ್ಲೂ ಒಂದು ತಿರುವು ಬಂತು. ಗೆಳೆಯ ಹಾಗೂ ಸಹಮಿಷನರಿ ಗಾಟ್‌ಫ್ರೀಡ್ ವೈಗ್ಲೆ 1855ರಲ್ಲಿ ತೀರಿಕೊಂಡರು. ಕನ್ನಡ ಸತ್ಯವೇದದ ಪರಿಷ್ಕರಣೆಗೆ ದುಡಿದವರು ವೈಗ್ಲೆ. ಪತ್ನಿ ಪೌಲಿನ ಮಕ್ಕಳೊಂದಿಗೆ ಒಂಟಿಯಾದರು. ಮೊಗ್ಲಿಂಗ್ ಅವರನ್ನು ಮದುವೆಯಾಗಿ ಗೆಳೆಯನ ಮಕ್ಕಳಿಗೆ ತಂದೆಯಾದರು. ಅನಾಥರನ್ನೂ ವಿಧವೆಯರನ್ನೂ ಪರಾಮರಿಸುವುದೇ ನಿಜವಾದ ಭಕ್ತಿ ಎನ್ನುವ ಗ್ರಂಥವನ್ನು ಬೋಧಿಸುತ್ತಿದ್ದವರಿಗೆ ಇದು ದೂರದ ಮಾತಾಗಿರಲಿಲ್ಲ.

ಆನಂದಪುರ: ಒಡೆಯರಿಲ್ಲದ ನೆಲದ ಕನಸು

ಕೊಡಗಿನಲ್ಲಿ ಮೊಗ್ಲಿಂಗ್ ಕಂಡ ಇನ್ನೊಂದು ಲೋಕ ಹೊಲೆಯರದ್ದು. ತಲೆತಲಾಂತರದಿಂದ ಒಡೆಯರ ಗದ್ದೆಗಳಲ್ಲಿ ದುಡಿಯುತ್ತಿದ್ದ ಜನ ಅವರು. ಕಂಪನಿ ಸರ್ಕಾರ 1843ರ 5ನೇ ಕಾಯ್ದೆಯ ಮೂಲಕ ಗುಲಾಮಗಿರಿಗೆ ಇದ್ದ ಕಾನೂನಿನ ಮಾನ್ಯತೆಯನ್ನು ತೆಗೆದುಹಾಕಿತ್ತು. ಕಾಗದದ ಮೇಲೆ ಅವರು ಸ್ವತಂತ್ರರು. ಆದರೆ ಸ್ವಂತ ನೆಲವಿಲ್ಲ, ಬೇರೆ ಕೆಲಸವಿಲ್ಲ. ಒಡೆಯನ ಅಂಗಳ ಬಿಟ್ಟರೆ ಹೋಗಲು ಜಾಗವಿಲ್ಲದ ಮೇಲೆ ಸ್ವಾತಂತ್ರ್ಯದ ಅರ್ಥವೇನು?

ಗುಲಾಮಗಿರಿಯ ಬಗ್ಗೆ ಸತ್ಯವೇದ ಏನು ಹೇಳುತ್ತದೆ ಎಂಬುದು ಆ ಕಾಲದಲ್ಲಿ ಜಗತ್ತಿನ ಹಲವೆಡೆ ಉರಿಯುತ್ತಿದ್ದ ಪ್ರಶ್ನೆ. ಓಡಿಹೋಗಿದ್ದ ಒನೇಸಿಮ ಎಂಬ ದಾಸನನ್ನು ಅವನ ಯಜಮಾನ ಫಿಲೆಮೋನನ ಬಳಿಗೆ ಪೌಲನು ಪತ್ರ ಕೊಟ್ಟು ಕಳಿಸಿದ್ದು ಹೊಸ ಒಡಂಬಡಿಕೆಯಲ್ಲಿದೆ. ಅಮೆರಿಕದ ಗುಲಾಮರ ಮಾಲೀಕರು ಈ ಪತ್ರವನ್ನು ತೋರಿಸಿ, ನೋಡಿ, ದಾಸನನ್ನು ಹಿಂದಿರುಗಿಸಲಾಗಿದೆ ಎಂದು ವಾದಿಸಿದರು. ದಾಸನನ್ನು ಇನ್ನು ಮುಂದೆ ಸಹೋದರನಂತೆ ಸ್ವೀಕರಿಸಬೇಕು ಎಂದು ಪೌಲ ಕೇಳಿದ್ದನ್ನು ವಿರೋಧಿಗಳು ತೋರಿಸಿದರು. ಗುಲಾಮರ ಮಾಲೀಕ ಮಿಷನರಿಯಾಗಬಹುದೇ ಎಂಬ ಪ್ರಶ್ನೆಯ ಮೇಲೆ 1845ರಲ್ಲಿ ಅಮೆರಿಕದ ಬ್ಯಾಪ್ಟಿಸ್ಟರು ಇಬ್ಭಾಗವಾದರು.

ಬಾಸೆಲ್ ಮಿಷನ್ನಿನೊಳಗೂ ಈ ಜಗಳ ಬಂತು. ಆಫ್ರಿಕಾದ ಗೋಲ್ಡ್ ಕೋಸ್ಟ್‌ನಲ್ಲಿ, ಅಂದರೆ ಇಂದಿನ ಘಾನಾದಲ್ಲಿ, ಕ್ರೈಸ್ತರಾದ ಸ್ಥಳೀಯರು ದಾಸರನ್ನು ಇಟ್ಟುಕೊಳ್ಳಬಾರದು ಎಂದು 1860ರ ದಶಕದ ಆರಂಭದಲ್ಲಿ ಬಾಸೆಲ್ ಸಮಿತಿ ಕಟ್ಟುನಿಟ್ಟಿನ ತೀರ್ಮಾನ ಕೈಗೊಂಡಿತು. ಅಲ್ಲೇ ದುಡಿಯುತ್ತಿದ್ದ ಯೋಹಾನ್ನೆಸ್ ಝಿಮ್ಮರ್‌ಮನ್ ಅದನ್ನು ವಿರೋಧಿಸಿದರು. ಅಲ್ಲಿನ ಮನೆದಾಸ್ಯ ಅಮೆರಿಕದ ಗುಲಾಮಗಿರಿಯಂಥದ್ದಲ್ಲ, ಹಳೆ ಒಡಂಬಡಿಕೆಯ ಕಾಲದ ಕೂಡುಕುಟುಂಬದಂಥದ್ದು ಎಂಬುದು ಅವರ ವಾದವಾಗಿತ್ತು. ಜನಾಂಗೀಯ ಕಟ್ಟುಪಾಡು ಮುರಿದು ಜಮೈಕಾದಿಂದ ಬಂದಿದ್ದ ಕಪ್ಪು ಮಹಿಳೆಯನ್ನು ಮದುವೆಯಾಗಿದ್ದವರೂ ಇದೇ ಝಿಮ್ಮರ್‌ಮನ್. ಒಂದೇ ಗ್ರಂಥ, ಒಂದೇ ಸಂಸ್ಥೆ, ಆದರೂ ಎರಡು ತೀರ್ಮಾನ. ವಚನ ತೋರಿಸಿದ ಮಾತ್ರಕ್ಕೆ ವಾದ ಮುಗಿಯುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ.

ಕೊಡಗಿನಲ್ಲಿ ಮೊಗ್ಲಿಂಗ್ ವಾದ ಮಾಡುತ್ತಾ ಕೂರಲಿಲ್ಲ. 1850ರ ದಶಕದ ಉತ್ತರಾರ್ಧದಲ್ಲಿ ಅಮ್ಮತ್ತಿ ಭಾಗದಲ್ಲಿ ಜಮೀನು ಪಡೆದು, ಹೊಲೆಯ ಕುಟುಂಬಗಳು ಒಡೆಯರ ಹಂಗಿಲ್ಲದೇ ನೆಲೆಸಲು ಒಂದು ವಸತಿ ಕಟ್ಟಲು ಮುಂದಾದರು. ಅದೇ ಆನಂದಪುರ. ಆನಂದದ ಊರು ಎಂಬ ಅರ್ಥದ ಜೊತೆಗೆ ಆನಂದರಾವ್ ಅವರ ಹೆಸರೂ ಅದರಲ್ಲಿದೆ. ಬದುಕಿನ ಆಧಾರಕ್ಕೆ ಕಾಫಿ ತೋಟ ಬೆಳೆಸುವ ಯೋಜನೆ ಹಾಕಲಾಯಿತು. ಬ್ರಾಹ್ಮಣನಾಗಿ ಹುಟ್ಟಿದ ಕೌಂಡಿನ್ಯ ಈ ಊರಿನ ಜನರ ನಡುವೆ ಪಾದ್ರಿಯಾಗಿ ದುಡಿದರು. ಅಸ್ಪೃಶ್ಯತೆ ಬಿಗಿಯಾಗಿದ್ದ ಆ ಕಾಲದಲ್ಲಿ ಇದೊಂದೇ ಸಂಗತಿ ಸಾಕಷ್ಟು ಹೇಳುತ್ತದೆ. ಕೊಡಗಿನ ಕೆಲಸವನ್ನು ಬಾಸೆಲ್ ಮಿಷನ್ ಮುಂದೆ ತನ್ನದಾಗಿಸಿಕೊಂಡಿತು.

ಆದರೆ ಕನಸು ಅಂದುಕೊಂಡಂತೆ ಫಲಿಸಲಿಲ್ಲ. ಕಾಫಿ ತೋಟಕ್ಕೆ ಬಂಡವಾಳ ಬೇಕು, ಕಾಯಬೇಕು. 1860ರ ದಶಕದಲ್ಲಿ ಕಾಂಡಕೊರಕ ಹುಳುವಿನ ಹಾವಳಿ ಕೊಡಗಿನ ತೋಟಗಳನ್ನು ತಿಂದುಹಾಕಿತು. ಹಣದ ದೃಷ್ಟಿಯಿಂದ ಆನಂದಪುರ ಗೆಲ್ಲಲಿಲ್ಲ. ಇನ್ನೊಂದು ಪ್ರಶ್ನೆಯನ್ನೂ ಇಲ್ಲಿ ಕೇಳಲೇಬೇಕು. ಒಡೆಯರ ಗದ್ದೆಯಿಂದ ಹೊರಬಂದ ಜನ ಪಾದ್ರಿಗಳ ತೋಟದಲ್ಲಿ ದುಡಿದರೆ, ಒಡೆತನ ಬದಲಾಯಿತೇ ಹೊರತು ಬಿಡುಗಡೆ ಸಿಕ್ಕಿತೇ? ತೋಟ ಯಾರ ಹೆಸರಿನಲ್ಲಿತ್ತು, ತೀರ್ಮಾನ ಯಾರು ಮಾಡುತ್ತಿದ್ದರು ಎಂದು ನೋಡಿದರೆ ಉತ್ತರ ಪೂರ್ತಿ ಸಮಾಧಾನ ಕೊಡುವುದಿಲ್ಲ. ಆನಂದಪುರದ ಬಗ್ಗೆ ಮಿಷನರಿಗಳು ಪುಟಗಟ್ಟಲೆ ಬರೆದಿದ್ದಾರೆ. ಅಲ್ಲಿ ಗುದ್ದಲಿ ಹಿಡಿದವರು ತಮ್ಮ ಕಥೆಯನ್ನು ತಾವೇ ಬರೆಯುವ ಕಾಲ ಇನ್ನೂ ಬಂದಿರಲಿಲ್ಲ.

ಹಾಗೆಂದು ಅದನ್ನು ಸೋಲು ಎಂದು ತಳ್ಳಿಹಾಕುವಂತೆಯೂ ಇಲ್ಲ. ಒಡೆಯ ಕರೆದಾಗ ಹೋಗಲೇಬೇಕಾಗಿದ್ದ ಜನರಿಗೆ ಹೋಗುವುದಿಲ್ಲ ಎನ್ನಲು ಒಂದು ಊರು ಸಿಕ್ಕಿತು. ಮಕ್ಕಳಿಗೆ ಅಕ್ಷರ ಸಿಕ್ಕಿತು.

ಕೊನೆಯ ವರ್ಷಗಳು

ಪತ್ನಿಯ ಅನಾರೋಗ್ಯದಿಂದಾಗಿ ಮೊಗ್ಲಿಂಗ್ 1860ರಲ್ಲಿ ಭಾರತ ಬಿಟ್ಟರು. ಮತ್ತೆ ಮರಳಲಿಲ್ಲ. ಆದರೆ ಕೊಡಗಿನ ನಂಟು ಕಡಿಯಲಿಲ್ಲ. 1866ರಲ್ಲಿ ವೈಟ್‌ಬ್ರೆಕ್ಟ್ ಎಂಬುವವರ ಜೊತೆ ಸೇರಿ ಕೊಡಗು ಮತ್ತು ಅಲ್ಲಿನ ಮಿಷನ್ ಬಗ್ಗೆ ಜರ್ಮನ್ ಭಾಷೆಯಲ್ಲಿ ಪುಸ್ತಕ ಬರೆದರು. ಕನ್ನಡಕ್ಕೆ ದೊಡ್ಡ ನಿಘಂಟು ಬೇಕೆಂಬ ಕೆಲಸಕ್ಕೆ ಕಿರಿಯ ಮಿಷನರಿ ಫರ್ಡಿನೆಂಡ್ ಕಿಟೆಲ್ ತೊಡಗಿಕೊಳ್ಳುವಲ್ಲಿ ಮೊಗ್ಲಿಂಗ್ ಪ್ರೋತ್ಸಾಹವೂ ಇತ್ತು. ಆ ನಿಘಂಟು 1894ರ ಹೊತ್ತಿಗೆ ಮಂಗಳೂರಿನಲ್ಲಿ ಅಚ್ಚಾಗಿ ಹೊರಬಂತು. ಅದನ್ನು ನೋಡಲು ಮೊಗ್ಲಿಂಗ್ ಇರಲಿಲ್ಲ. 1881ರ ಮೇ 10ರಂದು ಜರ್ಮನಿಯ ಎಸ್ಲಿಂಗೆನ್‌ನಲ್ಲಿ ಅವರು ಕೊನೆಯುಸಿರೆಳೆದರು. ಅವರಿಗೆ 69 ವರ್ಷವಾಗಿತ್ತು.

ನಮಗೇನು ಪಾಠ?

ಮೊಗ್ಲಿಂಗ್ ಬದುಕನ್ನು ಸಂತನ ಕಥೆಯಂತೆ ಹೇಳುವವರಿದ್ದಾರೆ. ಮತಾಂತರ ಮಾಡಿಸಲು ಬಂದ ಪರದೇಶಿ ಎಂದಷ್ಟೇ ಹೇಳುವವರೂ ಇದ್ದಾರೆ. ಎರಡೂ ಕಡೆಯವರು ಒಂದು ಸಂಗತಿಯನ್ನು ಬಿಟ್ಟುಬಿಡುತ್ತಾರೆ. ಅವರು ಪ್ರತಿ ಬಾರಿಯೂ ಗ್ರಂಥದ ಎರಡು ಮಾತುಗಳ ನಡುವೆ ನಿಂತು ಒಂದನ್ನು ಆರಿಸಬೇಕಾಯಿತು. ಆರಿಸಿದ ಮೇಲೆ ಅದರ ಭಾರವನ್ನು ತಾವೂ ಹೊತ್ತರು. ಕೌಂಡಿನ್ಯರ ಓದಿನ ಹೊಣೆ, ಮಿಷನ್ನಿನ ಆಸರೆ, ಗೆಳೆಯನ ಕುಟುಂಬ, ಆನಂದಪುರದ ನಷ್ಟ, ಯಾವುದರಿಂದಲೂ ಹಿಂದೆ ಸರಿಯಲಿಲ್ಲ.

ಧರ್ಮಗ್ರಂಥದಿಂದ ನೈತಿಕ ತೀರ್ಮಾನ ತೆಗೆದುಕೊಳ್ಳುವ ಯಾರಿಗೇ ಆಗಲಿ, ಅದು ಸತ್ಯವೇದ ಇರಬಹುದು, ಗೀತೆ ಇರಬಹುದು, ಕುರಾನ್ ಇರಬಹುದು, ಅವರ ಬದುಕು ಕೊಡುವ ಮೊದಲ ಪಾಠ ಇದು. ಬೇರೆಯವರಿಗೆ ಮಾತ್ರ ಕಷ್ಟ ತರುವ ವಚನವನ್ನು ಎತ್ತಿ ಹಿಡಿಯುವ ಮುನ್ನ, ನನಗೆ ಕಷ್ಟ ತರುವ ವಚನವನ್ನು ಓದಿದ್ದೇನೆಯೇ ಎಂದು ಕೇಳಿಕೊಳ್ಳಬೇಕು.

ಎರಡನೆಯ ಪಾಠವನ್ನು ಕೊಡುವವರು ಮೊಗ್ಲಿಂಗ್ ಅಲ್ಲ. ಮಂಗಳೂರಿನಲ್ಲಿ ಒಂಟಿಯಾಗಿ ಉಳಿದ ಆ ಹುಡುಗಿ ಮತ್ತು ಆನಂದಪುರದ ತೋಟದಲ್ಲಿ ದುಡಿದ ಹೆಸರಿಲ್ಲದ ಜನ. ಒಬ್ಬನ ಮನಸ್ಸಾಕ್ಷಿ ಎಷ್ಟೇ ಶುದ್ಧವಾಗಿದ್ದರೂ, ಅದರ ಬೆಲೆಯನ್ನು ಹಲವರು ಸೇರಿ ತೆರುತ್ತಾರೆ. ಆ ಹಲವರನ್ನು ಮೊದಲೇ ಕೇಳಿದರೆ ಮಾತ್ರ ನಿರ್ಧಾರ ಪೂರ್ತಿ ನೈತಿಕವಾಗುತ್ತದೆ.

ಮುಂದಿನ ಜುಲೈ 1ರಂದು ಪಿತಾಮಹನ ಭಾವಚಿತ್ರಕ್ಕೆ ಹಾರ ಹಾಕುವಾಗ, ಅವರು ಬಂದ ದಾರಿಯಲ್ಲಿ ಸಿಕ್ಕ ಈ ಜನರನ್ನೂ ಸುದ್ದಿಮನೆಗಳು ಒಮ್ಮೆ ನೆನೆಯಬೇಕಿದೆ.